ಸಾಣೆ ಸುಂಕಪ್ಪನ ಎಡಗೈ

ಸುಂಕಪ್ಪನ ಬಲಗೈಯ ಮೇಲೆ ಕರಡಿಗೂ ನಾಚಿಕೆಯಾಗುವಷ್ಟು ರೋಮ. ಎಡಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಒಂದೇ ಒಂದು ಎಳೆ ಇಲ್ಲ. ಮೊದಲ ಸಲ ನೋಡಿದವರು ಸುಟ್ಟ ಗಾಯವೆಂದೋ ಚರ್ಮರೋಗವೆಂದೋ ಮರುಕಪಟ್ಟು, ಕೇಳಬೇಕೋ ಬೇಡವೋ ಎಂದು ತಡವರಿಸುತ್ತಾರೆ. ಹೊಸಪೇಟೆಯವರಾದ ನಮಗೆ ಆ ಸಂಕೋಚವಿಲ್ಲ. ನಲವತ್ತು ವರ್ಷಗಳಿಂದ ಈ ಊರಿನ ಚಾಕು, ಕತ್ತರಿ, ಈಳಿಗೆ, ಕುಡಗೋಲುಗಳೆಲ್ಲ ಆ ಕೈಯ ಮೇಲೆ ಪರೀಕ್ಷೆ ಕೊಟ್ಟು, ರೋಮ ತೆಗೆದು ತೋರಿಸಿ, ಪಾಸಾದ ಮೇಲೆಯೇ ತಂತಮ್ಮ ಮನೆಗೆ ಮರಳಿವೆಯೆಂಬುದು ನಮಗೆ ಗೊತ್ತು.

ಮಾರುಕಟ್ಟೆಯ ಹಿಂದೆ ಬೇವಿನ ಮರದ ಬುಡದಲ್ಲಿ ಅವನ ಕಟ್ಟೆ. ಕಾಲಿನಿಂದ ತುಳಿಯುವ ಹಳೆಯ ಸಾಣೆಚಕ್ರ, ಅದರ ಪಕ್ಕದಲ್ಲಿ ಎರಡು ವರ್ಷದ ಹಿಂದೆ ಬಂದ ಕರೆಂಟಿನ ಚಕ್ರ, ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿ ಕುಳಿತ ನಾಲ್ಕು ಕೈಗಲ್ಲು: ಇಷ್ಟೇ ಅವನ ಸಾಮ್ರಾಜ್ಯ. ಮೈಮೇಲೆ ಮೇ ತಿಂಗಳ ಉರಿಯಲ್ಲೂ ಕಳಚದ ಖಾಕಿ ಕೋಟು. ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ ಭಾವಮೈದುನ ಕೊಟ್ಟದ್ದು, ಅದಿರಿನ ಕೆಂಪು ಅದರ ಹೊಲಿಗೆಗಳಲ್ಲಿ ಇನ್ನೂ ಉಳಿದಿದೆ, ಎರಡೂ ತೋಳು ಸದಾ ಮೇಲಕ್ಕೆ ಮಡಚಿರುತ್ತವೆ. ಚಕ್ರ ತುಳಿದು ತುಳಿದು ಅಭ್ಯಾಸವಾದ ಬಲಗಾಲು ನಡೆಯುವಾಗಲೂ ನೆಲವನ್ನು ಒಂದಿಷ್ಟು ಹೆಚ್ಚಾಗಿಯೇ ಒತ್ತುತ್ತದೆ. ಮಾತು ಕಡಿಮೆ, ಆಡಿದ ಪ್ರತಿ ಮಾತಿನ ಬಾಲಕ್ಕೂ ‘ಹೌದಲ್ರಿ ಮತ್ತ’ ಎಂಬುದೊಂದು ಗಂಟು.

ಅವನಿಗೆ ಎರಡು ವ್ರತಗಳಿದ್ದವು. ಅಲಗನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ಕೊಂಡವರಿಗೂ ಜಗಳ ಹತ್ತುತ್ತದೆಂಬ ನಂಬಿಕೆ. ಕಟ್ಟೆಯ ಮೇಲೆ ಇಡಬೇಕು, ಎತ್ತಿಕೊಳ್ಳಬೇಕು. ಎರಡನೆಯದು, ಮೊಂಡಾಗದ ಅಲಗನ್ನು ಕಲ್ಲಿಗೆ ಮುಟ್ಟಿಸುವುದಿಲ್ಲ. ನಮ್ಮ ಮನೆಯ ಈಳಿಗೆಯನ್ನು ಅವನು ಎರಡು ಸಲ ಹಾಗೆಯೇ ವಾಪಸು ಕಳಿಸಿದ್ದಾನೆ. ‘ಇದಿನ್ನೂ ದುಡೀತೈತಿ, ಸುಮ್ನ ಯಾಕ ಸವಸ್ತೀರಿ? ಒಯ್ರಿ. ಹೌದಲ್ರಿ ಮತ್ತ.’ ಬಂದ ಗಿರಾಕಿಯನ್ನು ಹೀಗೆ ಅಟ್ಟುವವನು ಉದ್ಧಾರವಾದಾನೆಯೇ ಎಂದು ಆಗ ನಾನೂ ನಕ್ಕಿದ್ದೆ. ಆದರೆ ಎಮ್ಮಿಗನೂರಿನಿಂದ ಕಬ್ಬು ಕಡಿಯುವವರು, ಹತ್ತಿರದ ಕಂಪ್ಲಿಯಲ್ಲೇ ಸಾಣೆಯವರಿದ್ದರೂ, ಬಸ್ಸು ಹತ್ತಿ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ‘ಸುಂಕಪ್ಪ ಕೆಡಿಸಿದ ಅಲಗಿಲ್ಲ’ ಎಂಬುದು ನಮ್ಮ ಬಜಾರದಲ್ಲಿ ಗಾದೆಯೇ ಆಗಿತ್ತು. ಅದನ್ನು ಕೇಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ತಗ್ಗಿಸಿದ ಮುಖದಲ್ಲಿ ಹೆಮ್ಮೆ ಉಕ್ಕುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ.

ಆ ಗಾದೆಗೆ ಕುತ್ತು ಬಂದದ್ದು ಮಧ್ವೇಶನ ಚಾಕುವಿನಿಂದ.

ಮಧ್ವೇಶ ಉಕ್ಕಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಭಾನುವಾರಗಳಂದು ಸಂಡೂರಿನ ಗುಡ್ಡ ಹತ್ತುವ ಹವ್ಯಾಸ. ಬೆನ್ನಚೀಲದಲ್ಲಿ ಹಗ್ಗ, ಟಾರ್ಚು, ಸೀಟಿ, ಇವೆಲ್ಲದರ ಜೊತೆಗೆ ಪರದೇಶದಿಂದ ತರಿಸಿದ ಇಪ್ಪತ್ತೆರಡು ಸಾವಿರ ರೂಪಾಯಿಯ ಚಾಕು. ಕಾಡಿನಲ್ಲಿ ದಿಕ್ಕು ತಪ್ಪಿದರೆ ಅದೊಂದರಿಂದಲೇ ಕೊಂಬೆ ಕಡಿದು ಗುಡಿಸಲು ಹಾಕಬಹುದು, ಕಟ್ಟಿಗೆ ಸೀಳಿ ಒಲೆ ಹೂಡಬಹುದು, ಪ್ರಾಣ ಉಳಿಸಿಕೊಳ್ಳಬಹುದು ಎಂದು ಅವನು ಉಪನ್ಯಾಸ ಮಾಡಿದರೆ, ಹೆಂಡತಿ ಹರಿಪ್ರಿಯಾ ಒಂದೇ ಮಾತಿನಲ್ಲಿ ಅದನ್ನು ಮುಗಿಸುತ್ತಿದ್ದಳು: ‘ಎರಡು ವರ್ಷದಾಗ ಇವರು ಒಂದ್ಸಲನೂ ದಿಕ್ಕು ತಪ್ಪಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಮನೀಗೆ ಬರ್ತಾರ.’ ವ್ಯಾಜ್ಯ ಮನೆಯಲ್ಲಿ ತೀರಲಿಲ್ಲ. ಸುಂಕಪ್ಪ ಹೇಳಿದ್ದೇ ತೀರ್ಪು ಎಂದು ಇಬ್ಬರೂ ಒಪ್ಪಿ, ಒಂದು ದಿನ ಕಟ್ಟೆಗೆ ಬಂದರು.

‘ನೀವ ಹೇಳ್ರಿ ಸುಂಕಪ್ಪ, ಇದು ಆ ಬೆಲಿ ಬಾಳ್ತದೋ ಇಲ್ಲೋ?’ ಎಂದ ಮಧ್ವೇಶ.

ಸುಂಕಪ್ಪ ಚಾಕು ಎತ್ತಿಕೊಂಡ. ಉಗುರಿನಿಂದ ಮೀಟಿ ಕಿವಿಗೆ ಹಿಡಿದ. ಎಡಗೈಯ ಮೇಲೆ ಎಳೆದ. ಆಗಷ್ಟೇ ಚಿಗುರಿದ್ದ ಒಂದೆರಡು ಎಳೆ ಬಂತು, ಆದರೆ ಅವನ ಮನಸ್ಸಿಗೆ ಬರಲಿಲ್ಲ. ನಮ್ಮ ಕಡೆಯ ಚಾಕುಗಳ ಅಲಗು ಬೆನ್ನಿನಿಂದ ಬಾಯಿಯವರೆಗೆ ಚಪ್ಪಟೆಯಾಗಿ ಇಳಿಯುತ್ತದೆ. ಇದರದು ಬಾಯಿಯ ಹತ್ತಿರ ಎರಡೂ ಕಡೆ ತುಸು ಉಬ್ಬಿತ್ತು. ‘ಇದರ ಕೆನ್ನಿ ಉಬ್ಬೈತಿ. ಸಾಣಿ ಬರದವ್ರು ಮಾಡ್ಯಾರ. ಗುರುವಾರ ಬರ್ರಿ. ಹೌದಲ್ರಿ ಮತ್ತ’ ಎಂದ.

ಚಾಕು ಮೊಂಡಾಗಿರಲಿಲ್ಲ. ನಲವತ್ತು ವರ್ಷ ಕಾದುಕೊಂಡು ಬಂದ ವ್ರತವನ್ನು ಅವನು ಅಂದು ಯಾಕೆ ಮುರಿದನೋ! ಇಪ್ಪತ್ತೆರಡು ಸಾವಿರವೆಂಬ ಅಂಕಿ ಅವನನ್ನು ಕೆಣಕಿರಬೇಕು. ಉಬ್ಬನ್ನು ತೆಗೆದು ಸರಿಮಾಡುತ್ತೇನೆಂದು ಹೊರಟ. ಆ ಗಟ್ಟಿ ಉಕ್ಕಿನ ಮೇಲೆ ಕೈಗಲ್ಲು ಜಾರಿತು, ತುಳಿಯುವ ಚಕ್ರವೂ ಜಾರಿತು. ಯಾವ ಕಬ್ಬಿಣವೂ ತನಗೆ ಹೀಗೆ ಎದುರು ನಿಂತದ್ದಿಲ್ಲ ಎಂಬ ಹಟದಲ್ಲಿ ಕರೆಂಟಿನ ಚಕ್ರ ಹಚ್ಚಿದ, ಒತ್ತಿದ, ಇನ್ನೂ ಒತ್ತಿದ, ನಡುವೆ ನೀರು ಕುಡಿಸುವುದನ್ನು ಮರೆತ. ಚಕ್ರ ನಿಲ್ಲಿಸಿ ನೋಡಿದರೆ ತುದಿಯಲ್ಲಿ ಹೆಸರುಕಾಳಿನಷ್ಟಗಲ ನೀಲಿ. ನೀಲಿಯೆಂದರೆ ಕಾವು ಏರಿ ಉಕ್ಕಿನ ಹದ ಹೋಯಿತೆಂದೇ ಅರ್ಥ. ಮೊನ್ನೆ ಮೊನ್ನೆ ಚಕ್ರಕ್ಕೆ ಕೂತವನೂ ಮಾಡಬಾರದ ತಪ್ಪು ಅದು.

ಅವನು ಅಂದು ಊಟ ಮಾಡಲಿಲ್ಲ. ಹೆಂಡತಿ ಜಂಬಮ್ಮ ಸಂಗತಿ ತಿಳಿದು, ಗಂಡನ ಹೆಸರು ಉಳಿಯಬೇಕೆಂಬ ಅಕ್ಕರೆಯಿಂದಲೇ ಹೇಳಿದಳು: ‘ಮ್ಯಾಲಿನ ನೀಲಿ ಉಜ್ಜಿದ್ರ ಹೋಗ್ತೈತಲ್ರಿ. ಆ ಸಾಹೇಬ್ರಿಗೇನು ತಿಳೀತೈತಿ? ಅವ್ರು ಅದನ್ನ ಬಳಸಂಗೇ ಇಲ್ಲ.’

‘ಯಾವತ್ತರ ಒಂದಿನ ಬಳಸ್ತಾರ. ಗುಡ್ಡದಾಗ ಆ ತುದಿ ಬಗ್ಗತೈತಿ. ಅವಾಗ ಯಾರಿಗೆ ಬೈತಾರ? ಮಾಡಿದಾತಗ. ಆತ ಯಾವ ದೇಶದಾಗ ಅದಾನೋ ಏನೋ, ಉಕ್ಕಿಗೆ ಎಂಥಾ ಹದ ಕೊಟ್ಟಿದ್ದ ಗೊತ್ತೈತೇನು? ನನ್ನ ತಪ್ಪಿಗೆ ಆತ ಯಾಕ ಬೈಸ್ಕೋಬೇಕು?’ ಎಂದ ಸುಂಕಪ್ಪ. ‘ಹೌದಲ್ರಿ ಮತ್ತ’ ಎನ್ನುವುದನ್ನು ಮರೆತಿದ್ದ.

ಗುರುವಾರದವರೆಗೂ ಕಾಯದೆ ಮಾರನೆಯ ಬೆಳಿಗ್ಗೆಯೇ ಮಧ್ವೇಶನ ಮನೆಗೆ ಹೋಗಿ, ಚಾಕುವನ್ನು ವರಾಂಡದ ಕಟ್ಟೆಯ ಮೇಲಿಟ್ಟು, ‘ಕೆಡಿಸೀನ್ರಿ’ ಎಂದ. ಮಧ್ವೇಶ ತಿರುಗಿಸಿ ತಿರುಗಿಸಿ ನೋಡಿದ. ‘ಎಲ್ಲಿ? ನನಗೇನೂ ಕಾಣವಲ್ದಲ್ಲ!’ ಹರಿಪ್ರಿಯಾ ಬಿಸಿಲಿಗೆ ಹಿಡಿದು ತೋರಿಸಿದಳು: ‘ಇಲ್ಲೇ ಅದ ನೋಡ್ರಿ, ನವಿಲುಗರಿ ಬಣ್ಣ.’ ಉಕ್ಕಿನ ಕಾರ್ಖಾನೆಯ ಇಂಜಿನಿಯರಿಗೆ ಕಾಣದ್ದು ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕುವವಳಿಗೆ ಕಂಡಿತು. ಇರಲಿ ಬಿಡಿ, ಇಷ್ಟಕ್ಕೆಲ್ಲ ಏನು ಎಂದು ಮಧ್ವೇಶ ದೊಡ್ಡ ಮನಸ್ಸು ಮಾಡಹೊರಟರೆ ಸುಂಕಪ್ಪನಿಗೆ ಸಿಟ್ಟೇ ಬಂತು. ‘ಇರ್ಲಿ ಅನಬ್ಯಾಡ್ರಿ. ಇದು ಇರ್ಲಿ ಅನ್ನೋ ವಸ್ತು ಅಲ್ಲ. ಹದ ಹೋದಷ್ಟು ಉಕ್ಕು ತೆಗೆದು ಮತ್ತ ಮೊದಲಿನಂಗ ಮಾಡಿ ಕೊಡ್ತೀನಿ. ಅಲ್ಲಿತನಕ ಬ್ಯಾರೆ ಅಲಗು ಮುಟ್ಟಂಗಿಲ್ಲ.’

ಮುಟ್ಟಲಿಲ್ಲ. ಹದಿನೆಂಟು ದಿನ ಚಕ್ರಗಳೆರಡಕ್ಕೂ ಗೋಣಿಚೀಲ ಹೊದಿಸಿ, ಕೈಗಲ್ಲಿನ ಮೇಲೆ, ನೀರು ಚಿಮುಕಿಸುತ್ತ, ಉಸಿರು ಎಳೆದಷ್ಟೇ ನಿಧಾನವಾಗಿ ಉಜ್ಜಿದ. ಹಂಪಿಯ ಹೋಟೆಲಿನ ಅಡುಗೆಯವರು ಬೈದುಕೊಂಡು ಹೋದರು, ಕಬ್ಬು ಕಡಿಯುವವರು ತಲೆ ಕೆರೆದುಕೊಂಡು ಹೋದರು. ಕೇಳಿದವರಿಗೆಲ್ಲ ಒಂದೇ ಉತ್ತರ: ‘ಒಂದು ಚಾಕು ಕೆಡಿಸೀನಿ, ಸರಿ ಮಾಡಾಕತ್ತೀನಿ.’ ಈ ದಿನಗಳಲ್ಲಿ ಊರು ಹಿಂದೆಂದೂ ಕಾಣದ್ದೊಂದನ್ನು ಕಂಡಿತು. ಪರೀಕ್ಷೆಗೆ ಅಲಗು ಬಾರದೆ ಸುಂಕಪ್ಪನ ಎಡಗೈಯ ಮೇಲೆ ರೋಮ ಬಂತು. ಬಂದದ್ದು ನರೆತು ಬಿಳಿಯಾಗಿ ಬಂತು. ನಲವತ್ತು ವರ್ಷ ಬೋಳಾಗಿದ್ದ ಕೈಗೆ ವಯಸ್ಸಾದದ್ದು ನಮಗೂ ಆಗಲೇ ತಿಳಿದದ್ದು. ಅವನು ಆ ಕೈಯನ್ನು ಮುಚ್ಚಿಕೊಳ್ಳಲಿಲ್ಲ, ಕೋಟಿನ ತೋಳು ಇಳಿಸಲಿಲ್ಲ.

ಉಜ್ಜುತ್ತ ಉಜ್ಜುತ್ತ ಆ ಉಬ್ಬಿನ ಗುಟ್ಟೂ ಅವನಿಗೆ ತಿಳಿಯಿತಂತೆ. ಕಟ್ಟಿಗೆಗೆ ಏಟು ಹಾಕಿದಾಗ ಬಾಯಿ ಮುರಿಯಬಾರದೆಂದು ಬೇಕೆಂದೇ ಬಿಟ್ಟ ದಪ್ಪ ಅದು. ಸಾಣೆ ಬರದವನು ಮಾಡಿದ್ದಲ್ಲ, ತನಗಿಂತ ಚೆನ್ನಾಗಿ ಬಲ್ಲವನು ಮಾಡಿದ್ದು. ಅದನ್ನು ನನ್ನೆದುರು ಹೇಳುವಾಗ ಅವನ ದನಿಯಲ್ಲಿ ಸೋಲಿನ ಕಹಿಯಿರಲಿಲ್ಲ. ದೂರದೂರಿನಲ್ಲಿ ಬೀಗರೊಬ್ಬರು ಸಿಕ್ಕ ಸಂತೋಷವಿತ್ತು.

ಹತ್ತೊಂಬತ್ತನೆಯ ದಿನ ದಂಪತಿಗಳು ಬಂದಾಗ ಬಜಾರದ ಅರ್ಧ ಜನ ಕಟ್ಟೆಯ ಸುತ್ತ ನಿಂತಿದ್ದರು. ಸುಂಕಪ್ಪ ಚಾಕುವನ್ನು ಎಡಗೈಯ ಮೇಲೆ ಒಮ್ಮೆ ಎಳೆದ. ಬಿಳಿ ರೋಮ ಸದ್ದಿಲ್ಲದೆ ಕೋಟಿನ ಮೇಲೆ ಉದುರಿತು. ಅವನು ಚಾಕುವನ್ನು ಕಟ್ಟೆಯ ಮೇಲಿಟ್ಟ.

‘ಇಪ್ಪತ್ತೆರಡು ಸಾವಿರ ಬಾಳ್ತೈತ್ರಿ’ ಎಂದ. ಮಧ್ವೇಶನ ಮುಖ ಅರಳಿತು. ‘ಮಾಡಿದಾತನ ಕೆಲಸಕ್ಕ ಆ ಬೆಲಿ ಜಾಸ್ತಿ ಆಗಲಿಲ್ಲ. ಆದ್ರ ನಿಮ್ಮ ಕೈಯಾಗ ಬಾಳ್ತೈತೋ ಇಲ್ಲೋ ನಾ ಹೆಂಗ ಹೇಳ್ಲಿ? ಎರಡು ವರ್ಷದಾಗ ಒಂದ್ಸಲನೂ ಮೊಂಡಾಗಿಲ್ಲ ಅದು. ದುಡಿಸ್ರಿ, ಮೊಂಡ ಮಾಡ್ಕೊಂಡು ಬರ್ರಿ, ಅವತ್ತ ಕೇಳ್ರಿ. ಹೌದಲ್ರಿ ಮತ್ತ.’

ಹರಿಪ್ರಿಯಾ ಚಾಕು ಎತ್ತಿಕೊಂಡು ಮಾರುಕಟ್ಟೆಯತ್ತ ನಡೆದು, ಕಟ್ಟೆಯಷ್ಟೇ ಗಟ್ಟಿಯಾದ ಒಂದು ದೊಡ್ಡ ಕುಂಬಳಕಾಯಿ ಕೊಂಡಳು. ಅಂದಿನಿಂದ ಚಾಕು ಅಡುಗೆಮನೆಯಲ್ಲಿ ದುಡಿಯುತ್ತಿದೆ. ಭಾನುವಾರಕ್ಕೆ ಮಾತ್ರ ಮಧ್ವೇಶನಿಗೆ ರಜೆಯ ಮೇಲೆ ಸಿಗುತ್ತದೆ. ದೀಪಾವಳಿಯ ಹೊತ್ತಿಗೆ ಅದು ಮೊಂಡಾಗಿ ಕಟ್ಟೆಗೆ ಬಂದಿತ್ತು. ಅದನ್ನು ಕಂಡು ಸುಂಕಪ್ಪ ಪಟ್ಟ ಹಿಗ್ಗು ನೋಡುವಂತಿತ್ತು.

ತಾವು ಮಾಡಿದ ವಸ್ತುವಿನ ಮಾನ ಕಾಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಮಾರುವುದಕ್ಕಾದರೂ ಕಾಯಲೇಬೇಕು. ಎಂದೂ ಮುಖ ಕಾಣದ, ಹೆಸರೂ ತಿಳಿಯದ ಇನ್ನೊಬ್ಬ ಕಸುಬುದಾರನ ಮಾನವನ್ನು ತಮ್ಮ ಹೆಸರು ಕೊಟ್ಟು ಕಾಯುವವರು ಮಾತ್ರ ಊರಿಗೊಬ್ಬರು ಸಿಕ್ಕರೆ ಹೆಚ್ಚು. ಇಂಥವರು ತಪ್ಪು ಮಾಡುವುದಿಲ್ಲವೆಂದಲ್ಲ. ಮಾಡಿದ ತಪ್ಪನ್ನು ಬಿಸಿಲಿಗೆ ಹಿಡಿದು ತೋರಿಸಿಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ. ನಮ್ಮ ಬಜಾರದ ಗಾದೆ ಈಗ ಬದಲಾಗಿದೆ. ಕಬ್ಬು ಕಡಿಯುವವರು ಎಮ್ಮಿಗನೂರಿನ ಬಸ್ಸಿನಲ್ಲಿ, ಅಡುಗೆಯವರು ಹಂಪಿಯ ಒಲೆಗಳ ಮುಂದೆ, ಮೊದಲಿಗಿಂತ ಎದೆಯುಬ್ಬಿಸಿ ಅದನ್ನು ಹೇಳುತ್ತಾರೆ: ‘ಸುಂಕಪ್ಪ ಕೆಡಿಸಿದ್ದು ಒಂದೇ ಅಲಗು. ಅದನ್ನೂ ಆತನೇ ಬಂದು ಹೇಳ್ಯಾನ.’