ಪನ್ಹಾಳದ ಒಡೆದ ಗೋಡೆ

ಶೇಡಬಾಳದ ಸುಗಂಧಾಬಾಯಿ ಮತ್ತು ಅವರ ಸೊಸೆ ತೃಪ್ತಿ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟು ತಿಂಗಳ ಮೇಲಾಗಿತ್ತು. ಐನಾಪುರದ ಶಾಲೆಯಲ್ಲಿ ಕಲಿಸಲು ಹೋಗುತ್ತೇನೆಂದು ತೃಪ್ತಿ ಹಟ ಹಿಡಿದಿದ್ದಳು. ಮನೆಯ ಸೊಸೆ ದಿನಾ ಬಸ್ಸು ಹತ್ತುವುದು ಬೇಡವೆಂದು ಅತ್ತೆಯ ಹಟ. ಇಬ್ಬರ ನಡುವೆ ಸಿಕ್ಕು ಸಾಕಾದ ತೃಪ್ತಿಯ ಗಂಡ ಜಿನೇಂದ್ರ, 2011ರ ಶ್ರಾವಣದಲ್ಲಿ, ತಾಯಿ ಬಹಳ ವರ್ಷದಿಂದ ನೋಡಬೇಕೆನ್ನುತ್ತಿದ್ದ ಪನ್ಹಾಳಗಡಕ್ಕೆ ಅವರಿಬ್ಬರನ್ನೂ ಕಾರಿನಲ್ಲಿ ಕರೆತಂದ.

ಕೊಲ್ಲಾಪುರ ದಾಟುವಾಗ ಬಿಸಿಲಿತ್ತು. ಘಟ್ಟದ ದಾರಿ ಏರಿ, ಕೋಟೆಯೊಳಗಿನ ಊರಿನ ಅಂಗಡಿ ಸಾಲು ತಲುಪುವಷ್ಟರಲ್ಲಿ ಮಂಜು ಇಳಿದಿತ್ತು. ಜಿನೇಂದ್ರ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಸೊಸೆಯ ಪಕ್ಕ ಸುಮ್ಮನೆ ನಿಲ್ಲಲಾಗದೆ ಸುಗಂಧಾಬಾಯಿ ಕೋಟೆಗೋಡೆಯ ಗುಂಟ ಮುಂದೆ ನಡೆದರು. ಸ್ವಲ್ಪ ಹೊತ್ತಿಗೇ ಅವರ ಸೀರೆಯ ಬಣ್ಣವೂ ಕಾಣದಾಯಿತು.

ತೃಪ್ತಿ ಕಾದಳು. ಕರೆದರೆ ತಾನೇ ಮೊದಲು ಸೋತಂತಾಗುತ್ತದೆ ಎನಿಸಿತು. ಆಗ ಕಲ್ಲು ಉರುಳಿದ ಸದ್ದು ಕೇಳಿತು. ಅದು ಕೆಳಗೆ, ಮತ್ತೂ ಕೆಳಗೆ ಹೋಗುತ್ತಲೇ ಇತ್ತು.

ಅವಳು ಗೋಡೆ ಹಿಡಿದು ಓಡಿದಳು. ಒಂದೆಡೆ ಗೋಡೆ ಒಡೆದು ಬಿದ್ದಿತ್ತು. ಅದರಾಚೆ, ಪಾಚಿಗಟ್ಟಿದ ಇಳಿಜಾರಿನಲ್ಲಿ, ಸುಗಂಧಾಬಾಯಿ ಒಂದು ಗಿಡದ ಬುಡ ತಬ್ಬಿ ಕೂತಿದ್ದರು. ಅವರ ಕಾಲ ಕೆಳಗೆ ಮಂಜು ಬಿಟ್ಟರೆ ಏನೂ ಇರಲಿಲ್ಲ.

“ಬರಬ್ಯಾಡ,” ಎಂದರು. “ಜಾರತೈತಿ. ನೀನೂ ಬೀಳ್ತಿ.”

ತೃಪ್ತಿ ಗಂಡನನ್ನು ಕೂಗಿದಳು. ಉತ್ತರ ಬರಲಿಲ್ಲ. ಗಿಡದ ಬೇರು ಮಣ್ಣಿನಿಂದ ಏಳತೊಡಗಿತ್ತು. ಅವಳು ಬೋರಲು ಮಲಗಿ, ಪಾದಗಳನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಕೈ ಚಾಚಿದಳು.

“ಅತ್ತಿ, ಕೆಳಗ ನೋಡಬ್ಯಾಡ್ರಿ. ನನ್ನ ಮಾರಿ ನೋಡ್ರಿ. ಒಂದ ಕೈ ಬಿಡ್ರಿ.”

“ಆಗೂದಿಲ್ಲವ್ವ.”

“ಬಿಡ್ರಿ ಅನ್ನಾಕತ್ತೇನಿ.”

ಅಂಥ ಗದರಿಕೆಯನ್ನು ಸುಗಂಧಾಬಾಯಿ ಯಾರಿಂದಲೂ ಕೇಳಿದವರಲ್ಲ. ಕೈ ಬಿಟ್ಟರು. ತೃಪ್ತಿ ಮಣಿಕಟ್ಟು ಹಿಡಿದಳು. ಬಳೆ ಒಡೆದು ಇಬ್ಬರ ಕೈಗೂ ರಕ್ತ ಹತ್ತಿತು. ಎಳೆದಳು. ಅವರು ಮತ್ತೆ ಜಾರಿದರು. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಾಗ ಅತ್ತೆಯ ಮೊಣಕಾಲಿಗೆ ಒಂದು ಕಲ್ಲಿನ ಆಸರೆ ಸಿಕ್ಕಿ, ಸುಗಂಧಾಬಾಯಿ ಮೇಲೆ ಬಂದು ಸೊಸೆಯ ಮೇಲೇ ಕುಸಿದರು.

ಬಹಳ ಹೊತ್ತು ಇಬ್ಬರಿಗೂ ಏಳಲಾಗಲಿಲ್ಲ. ಹುಡುಕುತ್ತ ಬಂದ ಜಿನೇಂದ್ರನಿಗೆ ಕಾಲು ಜಾರಿತು ಎಂದಷ್ಟೇ ತಾಯಿ ಹೇಳಿದರು. ಕಾರಿನಲ್ಲಿ ಕೂತು ಘಟ್ಟ ಇಳಿಯುವವರೆಗೂ ಸೊಸೆಯ ಕೈ ಮಾತ್ರ ಬಿಡಲಿಲ್ಲ.

ನೌಕರಿಗೆ ಅವರು ಅಂದೇ ಒಪ್ಪಲಿಲ್ಲ. ಆದರೆ ಮರುದಿನ ಅಡಿಗೆಮನೆಯಲ್ಲಿ ಜಗಳ ಶುರುವಾಯಿತು, ಬಾಯಿಬಿಟ್ಟು, ಮುಖ ನೋಡಿ. ದೀಪಾವಳಿ ಕಳೆದ ಮೇಲೆ ತೃಪ್ತಿ ಐನಾಪುರದ ಬಸ್ಸು ಹತ್ತಿದಳು. ಸುಗಂಧಾಬಾಯಿಗೆ ಆಗಲೂ ಸಿಟ್ಟಿತ್ತು. ಅದನ್ನು ಬಾಗಿಲಲ್ಲಿ ನಿಂತು ಹೇಳಿಯೇ ಕಳಿಸಿದರು.