ಚಿಕ್ಕಪ್ಪನಿಗೊಂದು ಕುದುರೆ

ಒಂದೂರಿನಲ್ಲಿ ಒಬ್ಬನಿದ್ದನಂತೆ, ಯಾವ ಬಾಗಿಲು ದಾಟಬೇಕಾದರೂ ಬೆನ್ನು ಬಗ್ಗಿಸಬೇಕಾದವನು. ಅವನ ಹತ್ತಿರ ಒಂದು ಬಡಕಲು ಕುದುರೆ ಇತ್ತಂತೆ. ತಾನು ಹತ್ತಿದರೆ ಪಾಪ ಅದರ ಬೆನ್ನು ಮುರಿದೀತೆಂದು ಅವನು ಲಗಾಮು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದನಂತೆ, ಊರಿಂದೂರಿಗೆ. ನೋಡಿದವರೆಲ್ಲ ನಗುತ್ತಿದ್ದರಂತೆ. ಒಂದು ದಿನ ಒಬ್ಬಳು ಪುಟ್ಟ ಹುಡುಗಿ, "ನಿಂಗೆ ತಕ್ಕ ಕುದುರೆ ನಾನು ಹುಡುಕಿಕೊಡ್ತೀನಿ" ಎಂದಳಂತೆ.

ನಮ್ಮಜ್ಜಿ ಅಕ್ಕಯಮ್ಮ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಈ ಕತೆ ಹೇಳುತ್ತಿದ್ದಳು. ಇಷ್ಟು ಹೇಳುವಷ್ಟರಲ್ಲಿ ಸೊಪ್ಪು ಮುಗಿದಿರುತ್ತಿತ್ತು. "ಮಿಗಿಲಿಂದಿ ರೇಪು ಚೆಪ್ತಾ" ಎಂದು ತೆಲುಗಿನಲ್ಲಿ ಗೊಣಗಿ, ಉಳಿದ ಕತೆಯನ್ನು ನಾಳೆಗೆ ಬಿಟ್ಟು ಎದ್ದುಬಿಡುವಳು. ಆ ನಾಳೆ ಬರಲೇ ಇಲ್ಲ.

ಕತೆಯ ಮನುಷ್ಯ ನಮ್ಮ ಚಿಕ್ಕಪ್ಪ ಆವುಲಪ್ಪನೇ ಎಂದು ನಾನು ನಂಬಿದ್ದೆ. ಜಂಗಮಕೋಟೆಯಲ್ಲಿ ಅವನಷ್ಟು ಎತ್ತರ, ಅವನಷ್ಟು ಅಗಲ ಇನ್ನೊಬ್ಬರಿರಲಿಲ್ಲ. ನಮ್ಮ ಮನೆಯಲ್ಲಿ ಎತ್ತರ ಅಳೆಯುವುದು ಚಂದ್ರಿಕೆಗೆ ಒರಗಿಸಿ. ರೇಷ್ಮೆಹುಳು ಗೂಡು ಕಟ್ಟುವ, ಆರಡಿ ಉದ್ದದ ಬಿದಿರಿನ ತಟ್ಟಿ ಅದು. ಯುಗಾದಿಯ ದಿನ ಅಜ್ಜಿ ಒಬ್ಬೊಬ್ಬರನ್ನೇ ನಿಲ್ಲಿಸಿ ಅರಿಶಿನದ ಗೀಟೆಳೆಯುವಳು. ಚಿಕ್ಕಪ್ಪನಿಗೆ ಮಾತ್ರ ಗೀಟಿಲ್ಲ. ಅವನ ತಲೆ ಚಂದ್ರಿಕೆಯಿಂದಲೂ ನಾಲ್ಕು ಬೆರಳು ಮೇಲಿರುತ್ತಿತ್ತು. ಆರು ವರ್ಷದವಳಿದ್ದಾಗ ಅವನ ಹೆಗಲ ಮೇಲೆ ಕೂತು ನಾನೂ ಮಾತು ಕೊಟ್ಟಿದ್ದೆ. "ಅಳ್ಬೇಡ ಚಿಕ್ಕಪ್ಪ, ನಿಂಗೆ ಕುದುರೆ ನಾನು ಹುಡುಕಿಕೊಡ್ತೀನಿ."

"ನಾನೆಲ್ಲಿ ಅಳ್ತಿದೀನಿ ಶಾಮಮ್ಮ?" ಎಂದು ಅವನು ನಕ್ಕಿದ್ದ.

ಚಿಕ್ಕಪ್ಪನ ಕೆಲಸ ರೇಷ್ಮೆ ಮೊಟ್ಟೆ ಅಂಟಿರುವ ಹಾಳೆಗಳನ್ನು ಹುಳು ಸಾಕುವವರ ಮನೆಗೆ ಮುಟ್ಟಿಸುವುದು. ಬಿಸಿಲೇರಿದರೆ ಮೊಟ್ಟೆ ಕೆಡುತ್ತವೆ. ಹಾಗಾಗಿ ಬಸ್ಸಿಗೆ ಕಾಯದೆ, ಒದ್ದೆ ಬಟ್ಟೆಯ ಚೀಲ ಕಟ್ಟಿಕೊಂಡು ಒಂದು ಹಳೇ ಮೊಪೆಡ್ಡಿನಲ್ಲಿ ಹೊರಡುವನು. ಇವತ್ತು ಸಾದಲಿ, ನಾಳೆ ಚಿಂತಾಮಣಿ, ನಾಳಿದ್ದು ಗೌರಿಬಿದನೂರು ದಾಟಿ ವಿದುರಾಶ್ವತ್ಥ. ಮೊಣಕಾಲು ಹ್ಯಾಂಡಲ್ಲಿಗೆ ತಗಲುತ್ತದೆಂದು ಎರಡು ಕಾಲನ್ನೂ ಹೊರಕ್ಕೆ ಅಗಲಿಸಿ ಓಡಿಸುವನು. ದೂರದಿಂದ ಗಾಡಿ ಕಾಣುತ್ತಿರಲಿಲ್ಲ, ಮನುಷ್ಯನೊಬ್ಬ ಕೂತಲ್ಲೇ ತೇಲಿ ಬಂದಂತೆ ಕಾಣುತ್ತಿತ್ತು.

ತೊಂಬತ್ತೊಂದರ ಮಾರ್ಚ್‌ನಲ್ಲಿ ಅವನು ಹಾಗೆಯೇ ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಗೇಟಿಗೆ ಬಂದ. ನಾನು ಪರೀಕ್ಷೆಯ ಹಾಲ್ ಟಿಕೆಟ್ಟನ್ನು ಮನೆಯಲ್ಲೇ ಮರೆತು ಬಂದಿದ್ದೆ. ಅವನ ಪಂಚೆ ಮೊಣಕಾಲಿಗೆ ಏರಿತ್ತು, ಬೆವರಿಗೆ ಅಂಗಿ ಮೈಗಂಟಿತ್ತು.

"ಅಯ್ಯೋ ನೋಡ್ರೇ, ಗಣಪ್ಪ ಇಲಿ ಮೇಲೆ ಬಂದವ್ನೆ!" ಎಂದಳು ನನ್ನ ಪಕ್ಕದಲ್ಲಿದ್ದ ಲಾಯರ ಮಗಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನೇರ ನನ್ನ ಕಡೆಗೇ ಬರತೊಡಗಿದಾಗ ಅವಳು, "ಯಾರೇ ಅದು, ನಿಮ್ಮೋರಾ?" ಎಂದಳು.

"ನಮ್ಮನೆ ಕೆಲ್ಸದವ್ನು ಕಣೇ," ಎಂದೆ.

ಅವನು ನಾಲ್ಕು ಹೆಜ್ಜೆ ದೂರದಲ್ಲಿದ್ದ. ಒಂದು ಗಳಿಗೆ ನಿಂತ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಟಿಕೆಟ್ ಚಾಚಿದ.

"ತಗೊಳಿ ಅಮ್ಮಾವ್ರೆ. ಯಜಮಾನ್ರು ಕೊಟ್ಬಾ ಅಂದ್ರು."

ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಅವನು ಈ ವಿಷಯ ಎತ್ತಲೇ ಇಲ್ಲ. ಸಂಜೆ ಊಟಕ್ಕೆ ಕೂತಾಗ ಎಂದಿನಂತೆ ತನ್ನ ತಟ್ಟೆಯ ಹಪ್ಪಳ ಮುರಿದು ಅರ್ಧ ನನಗೆ ಕೊಟ್ಟ. ಆ ಅರ್ಧ ಹಪ್ಪಳವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಆವತ್ತಿನಿಂದ ಅವನು ಅಂಗಳಕ್ಕೆ ಬಂದರೆ ನಾನು ಹಿತ್ತಿಲಿಗೆ ಹೋಗುವುದು ಅಭ್ಯಾಸವಾಯಿತು.

ಮರುವರ್ಷ ಅವನ ಸೊಂಟ ಹಿಡಿದುಕೊಂಡಿತು. ಶಿಡ್ಲಘಟ್ಟದ ಡಾಕ್ಟರು, "ಮೈಗೆ ತಕ್ಕ ಗಾಡಿ ತಗೊಳ್ಳಿ, ಇಲ್ಲಾಂದ್ರೆ ಓಡಾಟ ಬಿಡಿ" ಎಂದರು. ಚಿಕ್ಕಪ್ಪ ನನ್ನನ್ನು ಕರೆದ. "ನೀನು ಓದ್ದೋಳು, ಪೇಪರ್ ನೋಡ್ತೀಯ. ನೀನೇ ಒಂದು ಗಾಡಿ ಆರ್ಸಮ್ಮ."

ಮರೆತಿಲ್ಲ ಇವನು, ಅನ್ನಿಸಿತು. ಯಾವುದನ್ನು ಮರೆತಿಲ್ಲ ಎಂದು ಯೋಚಿಸಲು ಧೈರ್ಯ ಬರಲಿಲ್ಲ.

ಅವನನ್ನು ಚಂದ್ರಿಕೆಗೆ ಒರಗಿಸಿ ನಿಲ್ಲಿಸಿ ಅಳತೆ ತೆಗೆದೆ. ನೆತ್ತಿಯಿಂದ ಹಿಮ್ಮಡಿಗೊಂದು, ಸೊಂಟದಿಂದ ಹಿಮ್ಮಡಿಗೊಂದು ರೇಷ್ಮೆ ದಾರ ಕತ್ತರಿಸಿ ಪುಸ್ತಕದೊಳಗಿಟ್ಟುಕೊಂಡು ಒಬ್ಬಳೇ ಚಿಕ್ಕಬಳ್ಳಾಪುರಕ್ಕೆ ಹೋದೆ. ಸೊಂಟ ನೋವಿನವನಿಗೆ ಬಸ್ಸಿನ ಕುಲುಕಾಟ ಯಾಕೆ ಎಂದು ಮನೆಯಲ್ಲಿ ಹೇಳಿದ್ದೆ. ಕಾಲೇಜಿನ ಬೀದಿಯಲ್ಲಿ ಅವನ ಪಕ್ಕ ನಿಲ್ಲಲು ನನಗೆ ಇನ್ನೂ ಆಗುತ್ತಿರಲಿಲ್ಲ ಎಂಬುದು ನಿಜ.

ಬಿ.ಬಿ. ರಸ್ತೆಯಲ್ಲಿ ಹಳೇ ಗಾಡಿ ಸರಿಮಾಡಿ ಮಾರುತ್ತಿದ್ದ ಮುನಿಶಾಮಪ್ಪ ದಾರ ನೋಡಿ ಬೀಡಿಯ ಹೊಗೆ ನುಂಗಿಕೊಂಡು ನಕ್ಕ.

"ನಿಂತಿರೋರ ಅಳತೆ ತಂದಿದೀಯಲ್ಲಮ್ಮ. ಅವ್ರೇನು ನಿಂತ್ಕೊಂಡು ಗಾಡಿ ಓಡಿಸ್ತಾರಾ?"

"ಮತ್ತೆ?"

"ಮೊಣಕಾಲು ಎಲ್ಲಿ ಮಡಚುತ್ತೆ, ಮುಂಗೈ ಎಲ್ಲಿಗೆ ಬೀಳುತ್ತೆ, ಬೆನ್ನು ನೆಟ್ಟಗಿರುತ್ತಾ, ಇವೆಲ್ಲ ದಾರದಲ್ಲಿ ಬರಲ್ಲ. ಆಸಾಮೀನ ಕರ್ಕೊಂಡ್ಬಾ, ಕೂರ್ಸಿ ನೋಡಣ."

ಶನಿವಾರ ಕಾಲೇಜು ತಪ್ಪಿಸಿ ಅವನನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವನು ಗಂಡಸರ ಕಡೆ, ನಾನು ಹೆಂಗಸರ ಕಡೆ. ಇಳಿದ ಮೇಲೂ ಅವನು ಹತ್ತು ಹೆಜ್ಜೆ ಹಿಂದೆಯೇ ನಡೆದು ಬಂದ. ನಾನು ನಿಂತರೆ ಅವನೂ ನಿಲ್ಲುವನು.

ಮುನಿಶಾಮಪ್ಪ ಮೊದಲು ಒಂದು ನೂರು ಸಿಸಿ ಗಾಡಿ ತಂದ. ಚಿಕ್ಕಪ್ಪ ಕೂತಾಗ ಅವನ ಮೊಣಕಾಲು ಮೊಣಕೈಗೆ ತಗಲಿತು. ಎದುರಿನ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ನೋಡಲು ಬಂದರು.

"ಇಳೀರಣ್ಣೋ, ಗಾಡಿ ಅಳ್ತಾ ಐತೆ!" ಎಂದನೊಬ್ಬ.

ಇನ್ನೊಂದರಲ್ಲಿ ಕಾಲಿಗೆ ಜಾಗವಿತ್ತು, ಆದರೆ ಹ್ಯಾಂಡಲ್ ತಗ್ಗು. ಬೆನ್ನು ಮುಂದಕ್ಕೆ ಬಾಗಿತು. "ಇದ್ರಲ್ಲಿ ಗೌರಿಬಿದನೂರು ಮುಟ್ಟೋದ್ರೊಳ್ಗೆ ಸೊಂಟ ಹೋಯ್ತು" ಎಂದು ಮುನಿಶಾಮಪ್ಪನೇ ತಲೆಯಾಡಿಸಿ ಒಳಗಿಂದ ಒಂದು ಕಪ್ಪು ಬುಲೆಟ್ ತಳ್ಳಿಕೊಂಡು ಬಂದ. ಚಿಕ್ಕಪ್ಪ ಕಾಲು ಬೀಸಿ ಕೂತ. ಎರಡು ಪಾದವೂ ನೆಲಕ್ಕೆ ಪೂರ್ತಿ ಊರಿದವು. ಬೆನ್ನು ಗೋಡೆಗೆ ಒರಗಿದಂತೆ ನೆಟ್ಟಗಾಯಿತು. ಯಾರೂ ನಗಲಿಲ್ಲ.

"ಇಷ್ಟಕ್ಕೇ ಆಗ್ಲಿಲ್ಲ," ಎಂದ ಮುನಿಶಾಮಪ್ಪ. "ದೂರ ಓಡಾಡೋರು ನೀವು. ಹಿಂದೆ ಭಾರ ಬಿದ್ರೆ ಹೆಂಗೆ ಕುಸಿಯುತ್ತೆ ನೋಡ್ಬೇಕು. ನೀನು ಕೂತ್ಕೊಳಮ್ಮ, ಎರಡು ಮೈಲಿ ಹೋಗ್ಬನ್ನಿ."

ಅಷ್ಟರಲ್ಲಿ ಕಾಲೇಜು ಬಿಟ್ಟಿತ್ತು. ರಸ್ತೆಯಾಚೆ ನಮ್ಮ ಹುಡುಗಿಯರ ಗುಂಪು ನಿಂತಿತು.

"ಏಯ್ ಶ್ಯಾಮಲ! ನಿಮ್ಮ ಗಣಪ್ಪ ಇಲಿ ಬದಲಾಯಿಸ್ತವ್ನಾ?" ಲಾಯರ ಮಗಳ ಗಂಟಲು.

ಚಿಕ್ಕಪ್ಪ ಅವರ ಕಡೆ ನೋಡಿದ, ಆಮೇಲೆ ನನ್ನ ಕಡೆ. ಗಾಡಿಯಿಂದ ಇಳಿದುಬಿಟ್ಟ.

"ಅವ್ರು ಕೂರೋದು ಬೇಡ ಮುನಿಶಾಮಣ್ಣ," ಎಂದ, ರಸ್ತೆಯಾಚೆಗೂ ಕೇಳುವಂತೆ. "ಅವ್ರು ಯಜಮಾನ್ರ ಮಗಳು. ನಾನು ಅವ್ರ ಮನೆ ಕೆಲ್ಸದವ್ನು. ನೀವೇ ಕೂತ್ಕೊಳಿ."

ಒಂದೂವರೆ ವರ್ಷದಿಂದ ಅವನು ನನ್ನ ಸುಳ್ಳನ್ನು ಮೊಟ್ಟೆಯ ಹಾಳೆಯ ಹಾಗೆ ಬಿಸಿಲು ತಾಕದಂತೆ ಕಾಪಾಡಿಕೊಂಡು ಬಂದಿದ್ದ. ನನ್ನ ಕಿವಿ, ಕೆನ್ನೆ ಸುಟ್ಟುಹೋದವು.

"ಅಲ್ಲ," ಎಂದೆ. ರಸ್ತೆಯಾಚೆಗೆ ತಿರುಗಿ ಮತ್ತೆ ಹೇಳಿದೆ. "ಕೆಲ್ಸದವ್ರಲ್ಲ. ನಮ್ಮ ಚಿಕ್ಕಪ್ಪ. ನಮ್ಮಪ್ಪನ ಸ್ವಂತ ತಮ್ಮ. ಆವತ್ತು ನಾನು ಸುಳ್ಳು ಹೇಳಿದ್ದೆ."

ಮುನಿಶಾಮಪ್ಪ ಸುಮ್ಮನೆ ಬಟ್ಟೆಯಲ್ಲಿ ಟ್ಯಾಂಕ್ ಒರೆಸತೊಡಗಿದ. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹಾಗೆಯೇ ಹೋಗಿ ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕಾಲಿಳಿಬಿಟ್ಟು ಕೂತು, "ಹತ್ತು ಚಿಕ್ಕಪ್ಪ" ಎಂದೆ.

ನಂದಿ ಬೆಟ್ಟದ ಕಡೆಗೆ ಹೋದೆವು. ಅವನ ಬೆನ್ನು ರಸ್ತೆಯನ್ನೆಲ್ಲ ಮರೆಮಾಡಿತ್ತು. ತಪ್ಪಾಯ್ತು ಎಂದು ಆ ಬೆನ್ನಿಗೆ ಹೇಳಿದೆ. ಇಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

"ಏನಮ್ಮ?"

"ಸೊಂಟ ನೋಯ್ತಿದ್ಯಾ ಅಂದೆ."

"ಇಲ್ಲ ಕಣಮ್ಮ. ಇಲ್ಲವೇ ಇಲ್ಲ."

ತಿರುಗಿ ಬಂದಾಗ ಹುಡುಗಿಯರು ಹೋಗಿದ್ದರು. ಮುನಿಶಾಮಪ್ಪ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿ, "ಏನೂ ಕುಸಿದಿಲ್ಲ. ಏನಂತೀರಿ, ಇದೇನಾ?" ಎಂದ.

"ನನ್ನ ಕೇಳ್ಬೇಡಿ," ಎಂದ ಚಿಕ್ಕಪ್ಪ, ಗಾಡಿಯಿಂದ ಇಳಿಯದೆ. "ಹುಡುಕಿಕೊಡ್ತೀನಿ ಅಂದೋಳು ಇವ್ಳು. ಆರು ವರ್ಷದವ್ಳಿದ್ದಾಗ."

ತಲೆಯೆತ್ತಿ ಅವನ ಮುಖ ನೋಡಲು ಆಗಲಿಲ್ಲ. ನೆಲಕ್ಕೆ ಊರಿದ್ದ ಅವನ ಪಾದಗಳನ್ನೇ ನೋಡುತ್ತಾ ಹೇಳಿದೆ:

"ಇದೇ ಚಿಕ್ಕಪ್ಪ. ನಿನ್ನ ಕುದುರೆ ಇದೇ."