ಲಿಯೋಟಿಸಣ್ಣನ ಈಜುಪಾಠ

ತಪ್ಪಿಸಿಕೊಳ್ಳುವುದು ಹೇಗೆ? ಮಂಡಿನೋವು ಎಂದರೆ, ಮೊನ್ನೆ ಚರ್ಚಿನಲ್ಲಿ ಹಾಡಿಗೆ ಕುಣಿದದ್ದನ್ನು ಎಲ್ಲರೂ ನೋಡಿದ್ದಾರೆ. ಶೀತ ಎಂದರೆ? ಮಿಸಿಸಿಪ್ಪಿಯ ಜುಲೈ ಸುಡುಬಿಸಿಲಲ್ಲಿ ಶೀತವೇ? ಈಜುಕೊಳದ ಅಂಚಿನಲ್ಲಿ ನಿಂತ ಲಿಯೋಟಿಸ್‌ಗೆ ಒಂದು ನೆಪವೂ ಹೊಳೆಯಲಿಲ್ಲ. ಮೊಮ್ಮಗಳು ಜಲೀಸಾ ಅವನ ಕಿರುಬೆರಳನ್ನು ಬಿಡಲಿಲ್ಲ.

"ನೀನು ಇಳಿದ್ರೆ ಮಾತ್ರ ನಾನು ಇಳೀತೀನಿ ತಾತ. ಇಲ್ಲಾಂದ್ರೆ ಮನೆಗೆ ಹೋಗೋಣ."

"ನಿಮ್ ತಾತಂಗೆ ನೀರಂದ್ರೆ ಏನ್ ಲೆಕ್ಕಾನೇ?" ಚರ್ಚಿನ ಹೆಂಗಸರ ಜೊತೆ ಆಗಲೇ ಕೊಳಕ್ಕಿಳಿದಿದ್ದ ಅರ್ಲೀನಕ್ಕ ಕೂಗಿದಳು. ಭಾನುವಾರಕ್ಕೆಂದು ಬಿಸಿಬಾಚಣಿಗೆಯಲ್ಲಿ ನೇರ ಮಾಡಿಸಿದ ಕೂದಲು ನೆನೆಯದಿರಲೆಂದು ಎರಡು ಟೋಪಿ ಹಾಕಿ, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದಳು. "ದೀಕ್ಷಾಸ್ನಾನದ ತೊಟ್ಟೀಲಿ ನಿಂತು ಊರನ್ನೆಲ್ಲ ಮುಳುಗಿಸಿ ಎತ್ತಿದೋನು!"

ಕಷ್ಟ ಅದೇ. ಚರ್ಚಿನ ಹಿರಿಯನಾಗಿ ಅವನು ಜನರನ್ನು ಮುಳುಗಿಸಿ ದೀಕ್ಷೆ ಕೊಡುತ್ತಿದ್ದ ಆ ತೊಟ್ಟಿಯ ನೀರು ಸೊಂಟ ದಾಟುತ್ತಿರಲಿಲ್ಲ. ಜನ ಅವನನ್ನು ಈಜುಗಾರನೆಂದೇ ನಂಬಿದ್ದರು. ಅವನು ಅಲ್ಲವೆಂದಿರಲಿಲ್ಲ.

ಊರಿಗೆ ಹಿಂದೆಯೂ ಒಂದು ಕೊಳವಿತ್ತು, ಬಿಳಿಯರಿಗೆ ಮಾತ್ರ. ಎಲ್ಲರಿಗೂ ತೆರೆಯಿರಿ ಎಂದು ಕೋರ್ಟು ಹೇಳಿದಾಗ ಅದಕ್ಕೆ ಮಣ್ಣು ತುಂಬಿ ಹುಲ್ಲು ಬೆಳೆಸಿದರು. ಆಮೇಲೆ ಕಪ್ಪು ಜನರ ಬಡಾವಣೆಯಲ್ಲಿ ಯಾರೂ ಈಜು ಕಲಿಯಲಿಲ್ಲ. ನೀರಿನ ಹತ್ತಿರ ಹೋಗಬೇಡ ಎಂಬುದನ್ನಷ್ಟೇ ಮಕ್ಕಳಿಗೆ ಕಲಿಸಿದರು. ಹೊಸ ಕೊಳ ಬಂದದ್ದು ಈ ಬೇಸಿಗೆಯಲ್ಲಿ.

ಅವನು ಇಳಿದ. ಜಲೀಸಾ ಅವನ ಕುತ್ತಿಗೆಗೆ ಜೋತುಬಿದ್ದಳು.

ಈಜು ಕಲಿಸುವ ಹುಡುಗಿ ಡಿಯಾಂಡ್ರಾ ಚಪ್ಪಾಳೆ ತಟ್ಟಿದಳು. "ಎಲ್ರೂ ಹಿಂದಕ್ಕೆ ವಾಲಿ. ಮೈ ಸಡಿಲ ಬಿಡಿ."

ಚರ್ಚಿನ ಹೆಂಗಸರೆಲ್ಲ ಒಂದು ಕೈ ಎದೆಗಿಟ್ಟು, ಇನ್ನೊಂದರಲ್ಲಿ ಮೂಗು ಹಿಡಿದು, ಕಣ್ಣು ಮುಚ್ಚಿ ದುಡುಂ ಎಂದು ಮುಳುಗಿದರು. ಮರುಕ್ಷಣ ಎದ್ದು ನಿಂತು, "ಹಲ್ಲೆಲೂಯಾ!" ಎಂದರು.

ಡಿಯಾಂಡ್ರಾ ಹಣೆ ಚಚ್ಚಿಕೊಂಡಳು. "ಅಯ್ಯೋ ಅಮ್ಮಂದಿರಾ, ನಿಮ್ ಪಾಪ ತೊಳೀತಿಲ್ಲ ನಾನು! ತೇಲೋದು ಕಲಿಸ್ತಿದೀನಿ. ಮುಳುಗ್ಬೇಡಿ, ಏಳ್ಬೇಡಿ, ನೀರಿನ ಮೇಲೆ ಸುಮ್ನೆ ಮಲ್ಕೊಳ್ಳಿ."

"ಎಬ್ಬಿಸೋರಿಲ್ದೆ ಮಲ್ಗೋದು ಸತ್ತಾಗ ಕಣಮ್ಮಾ," ಎಂದಳು ಅರ್ಲೀನಕ್ಕ. ಚೀಲದಿಂದ ನೀರು ಸುರಿಯುತ್ತಿತ್ತು.

"ತಾತ, ನನ್ನ ಹಿಡ್ಕೋ," ಎಂದಳು ಜಲೀಸಾ.

ಅವನ ಕೈಗೆ ಗೊತ್ತಿದ್ದದ್ದು ಒಂದೇ ಹಿಡಿತ, ದೀಕ್ಷಾಸ್ನಾನದ್ದು: ಕತ್ತಿನ ಹಿಂದೆ ಒಂದು ಕೈ, ಬೆನ್ನಿಗೆ ಒಂದು. ಅಭ್ಯಾಸದಂತೆ ಮುಳುಗಿಸಲು ಕೈ ತಾನಾಗಿಯೇ ತುಸು ಕೆಳಗಿಳಿಯಿತು.

"ತಾತಾ!"

ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಹುಡುಗಿ ಹಗುರಾದಳು.

"ಈಗ ಬಿಡು."

ಬಿಟ್ಟ. ಅವಳು ಅಲ್ಲೇ ಇದ್ದಳು, ಮೂಗು ಆಕಾಶಕ್ಕೆ ಮಾಡಿಕೊಂಡು.

"ಈಗ ನೀನು. ನಾನು ಹಿಡ್ಕೋತೀನಿ."

ತಲೆಯ ಕೆಳಗೆ ಪುಟ್ಟ ಅಂಗೈ ಬಂತು. ಅವನು ವಾಲಿದ. ಕಾಲು ನೆಲ ಬಿಟ್ಟಿತು.

"ನೋಡ್ರೇ, ಲಿಯೋಟಿಸಣ್ಣನ ಹೊಟ್ಟೆ ದ್ವೀಪ ಆಗೋಯ್ತು!" ಅರ್ಲೀನಕ್ಕನ ಮಾತು ಎಲ್ಲೋ ದೂರದಲ್ಲಿ ಕೇಳಿಸಿತು. ಕಿವಿಗೆ ನೀರು ತುಂಬಿ, ಕೊನೆಗೆ ಅದೂ ಕೇಳಿಸಲಿಲ್ಲ.

ಮನೆಯ ದಾರಿಯಲ್ಲಿ ಜಲೀಸಾ ಕೇಳಿದಳು: "ನೀನು ಈಜೋದು ಯಾವಾಗ ಕಲ್ತೆ ತಾತ?"

"ಇವತ್ತು," ಎಂದ. ತಾತ ತಮಾಷೆ ಮಾಡುತ್ತಿದ್ದಾನೆಂದು ಅವಳು ದಾರಿಯುದ್ದಕ್ಕೂ ನಕ್ಕಳು.

ಹಳೆಯ ಕೊಳಕ್ಕೆ ಲಾರಿಗಳು ಮಣ್ಣು ಸುರಿದ ದಿನ, ಅವಳ ವಯಸ್ಸಿನ ತಾನು ಟವೆಲನ್ನು ಕಂಕುಳಲ್ಲಿಟ್ಟುಕೊಂಡು ಬೇಲಿಯಾಚೆ ನಿಂತಿದ್ದೆ ಎಂದು ಅವನು ಹೇಳಲಿಲ್ಲ.